ಮರದ ಮದುಮಗಳ ದೃಷ್ಟಿಬೊಟ್ಟು

ಟೊರೆನ್ಸ್
ಫೆಬ್ರವರಿ 9, 2025, ಭಾನುವಾರ

ಪ್ರೀತಿಯ ನಿಹಾರಿಕಾ,

ನಿನ್ನ ಈಮೇಲ್ ಗುರುವಾರ ಬಂತು. ಉತ್ತರವನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ಈಮೇಲ್ ಆದರೆ ನೀನು ಅದನ್ನು ಹಾಗೇ ನಿನ್ನ ಕಂಪನಿಗೆ ಫಾರ್ವರ್ಡ್ ಮಾಡಿಬಿಡುತ್ತೀಯ. ನನ್ನ ಕೈಬರಹದ ಕನ್ನಡ ಹಾಲಿವುಡ್ಡಿನಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂಬುದೇ ನನ್ನ ಧೈರ್ಯ. ಉಮಾಶಂಕರ ಮಂಗಳವಾರ ಆಫೀಸಿನ ಕೆಲಸದ ಮೇಲೆ ಸ್ಯಾನ್ ಡಿಯಾಗೊಗೆ ಬರುತ್ತಿದ್ದಾನೆ, ಕವರಿಗೆ ಅಂಟು ಹಚ್ಚಿ ಗಂಡನ ಕೈಯಲ್ಲೇ ಕಳಿಸುತ್ತೇನೆ. ಒಳಗೇನಿದೆ ಎಂದು ಅವನಿಗೆ ಗೊತ್ತಿಲ್ಲ. ನಮ್ಮಿಬ್ಬರಿಗೂ ಮತ್ತೆ ಮಾತು ಶುರುವಾಯಿತೆಂದು ಖುಷಿಯಲ್ಲಿದ್ದಾನೆ. ಬಂದವನಿಗೆ ಊಟ ಹಾಕಿ ಕಳಿಸು, ಆದರೆ ಅವನ ಎದುರಿಗೆ ಇದನ್ನು ಒಡೆಯಬೇಡ.

ನೀನು ಕೇಳಿರುವುದು ಒಂದೇ ಪ್ರಶ್ನೆ. ನೀವೆಲ್ಲ ಸೇರಿ ಗ್ರೀಕ್ ದೇವತೆ ಹೇರಾಳ ಮೇಲೆ ಮಾಡಿದ ಸೀರಿಯಲ್ಲಿನ ಆರನೇ ಕಂತಿನಲ್ಲಿ, ಮದುಮಗಳ ಉಡುಪು ತೊಡಿಸಿದ ಮರದ ದಿಮ್ಮಿಯ ಕೆನ್ನೆಗೆ ಹೇರಾ ಮಸಿಯ ಬೊಟ್ಟು ಇಡುತ್ತಾಳಲ್ಲ, ಅದಕ್ಕೆ ಆಧಾರ ಯಾವುದು ಎಂದು. ಅಂಥ ಪದ್ಧತಿ ಗ್ರೀಸಿನಲ್ಲಿ ಇರಲೇ ಇಲ್ಲ, ಬರೆದವಳು ತನ್ನ ಅಜ್ಜಿಯ ದೃಷ್ಟಿಬೊಟ್ಟನ್ನು ತಂದು ಅಲ್ಲಿ ತುರುಕಿದ್ದಾಳೆ ಎಂದು ವೀಕ್ಷಕರೊಬ್ಬರು ಇಂಟರ್ನೆಟ್ಟಿನಲ್ಲಿ ಬರೆದರು, ಅದು ಹಬ್ಬಿತು. ನಮ್ಮ ಸೀರಿಯಲ್ಲಿನ ಪೂಜಾವಿಧಿಗಳೆಲ್ಲ ಅಸಲಿ ಎಂದು ಡಂಗುರ ಹೊಡೆದಿದ್ದ ನಿನ್ನ ಕಂಪನಿಗೆ ಮುಜುಗರವಾಯಿತು. ಈಗ ಬರುವ ಶುಕ್ರವಾರದೊಳಗೆ ಆಧಾರ ತೋರಿಸದಿದ್ದರೆ ಎರಡನೇ ಸೀಸನ್ನಿಗೆ ನಿನ್ನನ್ನು ಕರೆಯುವುದಿಲ್ಲವಂತೆ. ನನ್ನ ಥೀಸಿಸ್ಸಿನ ಅರವತ್ತೊಂದನೇ ಪುಟದ ಅಡಿಟಿಪ್ಪಣಿ ಹಿಡಿದುಕೊಂಡು ಆ ಜರ್ಮನ್ ಪತ್ರಿಕೆಯ ಹಳೆಯ ಸಂಪುಟ ತರಿಸಿ ನೋಡಿದೆಯಂತೆ, ಆ ಪುಟಗಳಲ್ಲಿ ಬೇರೇನೋ ಇತ್ತಂತೆ. ನಂಬರ್ ಬರಿಯುವಾಗ ಕೈ ತಪ್ಪಿರಬೇಕು ಹರಿಣಿ, ನೀ ಹಂಗ ಸುಳ್ಳು ಬರಿಯಾಕಿ ಅಲ್ಲ, ಖರೇ ನಂಬರ್ ಕಳಸು ಅಂತ ಕೇಳಿದ್ದೀಯ.

ಕಳಿಸುತ್ತೇನೆ. ಅದಕ್ಕೆ ಮೊದಲು ನಾನು ಹೇಳುವುದನ್ನು ಕೇಳು. ಎರಡೂವರೆ ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

2022ರ ಗಣೇಶನ ಹಬ್ಬಕ್ಕೆ ನೀನು ಕರೆದೆ ಅಂತ ನಾನೂ ಉಮಾಶಂಕರನೂ ಸ್ಯಾನ್ ಡಿಯಾಗೊಗೆ ಬಂದೆವು. ಕನ್ನಡ ಸಂಘದವರೆಲ್ಲ ನಿನ್ನ ಸುತ್ತ ನಿಂತಿದ್ದರು. ಟೀವಿಗೆ ಬರೆಯುವ ಕನ್ನಡತಿ ಅಂದರೆ ಸುಮ್ಮನೆಯೇ. ಹೇರಾ ಬಗ್ಗೆ ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು ಮೇಡಂ ಎಂದು ರೇಷ್ಮೆ ಪಂಚೆಯ ಅಂಕಲ್ ಒಬ್ಬರು ಕೇಳಿದರು. ನಾನು ನಿನ್ನ ಪಕ್ಕದಲ್ಲೇ ಇದ್ದೆ, ಈಗ ನನ್ನ ಹೆಸರು ಬರುತ್ತದೆ ಎಂದು ಸೆರಗು ಕೂಡ ಸರಿಮಾಡಿಕೊಂಡೆ. ನೀನು ನನ್ನ ಹೆಗಲ ಮೇಲೆ ಕೈ ಹಾಕಿ, ಈಕಿ ಹರಿಣಿ, ನನ್ನ ಹಳೇ ರೂಮ್‌ಮೇಟ್, ಬಿಸಿಬೇಳೆ ಭಾತ್ ಭಾಳ ಛಲೋ ಮಾಡ್ತಾಳ ಅಂದೆ. ಆಂಟಿಯೊಬ್ಬರು ನನ್ನ ಕಡೆ ತಿರುಗಿ, ಪುಡಿ ಮನೇಲೇ ಮಾಡ್ತೀರಾ ಅಂತ ಕೇಳಿದರು. ಆವತ್ತಿನಿಂದ ನಿನ್ನ ಫೋನು ಎತ್ತುವುದನ್ನು ನಿಲ್ಲಿಸಿದೆ. ನಿನಗೆ ಕಾರಣ ಗೊತ್ತಾಗಿರಲಿಕ್ಕಿಲ್ಲ. ನಿನಗೆ ಯಾವತ್ತೂ ಅಂಥವು ಗೊತ್ತಾಗುವುದಿಲ್ಲ.

ನಿನಗೆ ಹೇರಾ ಸಿಕ್ಕಿದ್ದು ಎಲ್ಲಿ, ಹೇಳು. 2020ರಲ್ಲಿ, ಲಾಂಗ್ ಬೀಚಿನ ಆ ಎರಡು ರೂಮಿನ ಮನೆಯಲ್ಲಿ. ಕ್ಯಾಂಪಸ್ ಮುಚ್ಚಿತ್ತು, ಊರಿಗೆ ಹೋಗಲು ವಿಮಾನವಿರಲಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಬಂದರಿನ ಕ್ರೇನುಗಳು ಬಿಟ್ಟರೆ ನೋಡಲು ಏನೂ ಇರಲಿಲ್ಲ. ನೀನು ಕಂಪ್ಯೂಟರ್ ಸೈನ್ಸಿನವಳು, ಗ್ರೀಕ್ ದೇವತೆಗಳಲ್ಲಿ ಶೂ ಕಂಪನಿಗೆ ಇಟ್ಟ ಹೆಸರೊಂದೇ ಗೊತ್ತಿದ್ದವಳು. ನಾನು ಹೇರಾಳ ಆರಾಧನೆಯ ಮೇಲೆ ಎಂ.ಎ. ಥೀಸಿಸ್ ಬರೆಯುತ್ತಿದ್ದೆ. ಗಂಡ ನೋಡಿದ ಹೆಂಗಸರನ್ನೆಲ್ಲ ಬೆನ್ನಟ್ಟಿ ಕಾಡುವ ಗಯ್ಯಾಳಿ ಅಂತ ಲೋಕವೆಲ್ಲ ನಗುತ್ತದೆ, ಆದರೆ ಅವಳ ಗುಡಿಗಳಿಗೆ ಹೆಂಗಸರು ಮಣ್ಣಿನ ದಾಳಿಂಬೆ, ಮಣ್ಣಿನ ಪುಟ್ಟ ಮನೆ ತಂದು ಹರಕೆ ಒಪ್ಪಿಸುತ್ತಿದ್ದರು, ಆರ್ಗೋಸ್ ಎಂಬ ಸೀಮೆಯ ಒಂದು ಬುಗ್ಗೆಯಲ್ಲಿ ಅವಳು ವರ್ಷಕ್ಕೊಮ್ಮೆ ಮಿಂದು ಮತ್ತೆ ಕನ್ಯೆಯಾಗುತ್ತಾಳೆಂದು ನಂಬುತ್ತಿದ್ದರು ಎಂದು ನಿನಗೆ ಹೇಳಿದ್ದು ನಾನು. ಕಥೆಯಲ್ಲಿ ಬೈಸಿಕೊಂಡವಳು ಗುಡಿಯಲ್ಲಿ ತಾಯಿಯಾಗಿದ್ದಳು ಎಂಬುದು ನನ್ನ ಥೀಸಿಸ್ಸಿನ ಮೊದಲ ಸಾಲು. ನಿನ್ನ ಸೀರಿಯಲ್ಲಿನ ಟ್ರೇಲರ್ ಶುರುವಾಗುವುದೂ ಅದೇ ಸಾಲಿನಿಂದ, ಒಳ್ಳೆ ಇಂಗ್ಲಿಷಿನಲ್ಲಿ.

ಆ ಸಂಜೆ ನೀನು ರೊಟ್ಟಿ ತಟ್ಟುತ್ತಿದ್ದೆ, ನಾನು ಕಟ್ಟೆಯ ಮೇಲೆ ಕೂತು ಪ್ಲಾಟೇಯ ಎಂಬ ಊರಿನ ಹಬ್ಬದ ಕಥೆ ಹೇಳುತ್ತಿದ್ದೆ. ಹೇರಾ ಗಂಡನ ಮೇಲೆ ಮುನಿದು ಮನೆ ಬಿಟ್ಟಳು. ಜಿಯೂಸ್ ಎಷ್ಟು ಕರೆದರೂ ಬರಲಿಲ್ಲ. ಆಗ ಅವನಿಗೆ ಯಾರೋ ಒಂದು ಉಪಾಯ ಹೇಳಿಕೊಟ್ಟರು: ಮರದ ದಿಮ್ಮಿಗೆ ಮದುಮಗಳ ಉಡುಪು ತೊಡಿಸು, ಮುಸುಕು ಹಾಕು, ಎತ್ತಿನ ಗಾಡಿಯಲ್ಲಿ ಕೂರಿಸಿ ಇನ್ನೊಂದು ಮದುವೆಯಾಗುತ್ತಿದ್ದೇನೆಂದು ಸಾರು. ಸುದ್ದಿ ಕೇಳಿ ಹೇರಾ ಓಡೋಡಿ ಬಂದಳು, ಮುಸುಕು ಹಿಡಿದೆಳೆದಳು, ನೋಡಿದರೆ ಮರ. ನಕ್ಕುಬಿಟ್ಟಳು. ಆ ಊರಿನವರು ಅದನ್ನೇ ಹಬ್ಬ ಮಾಡಿಕೊಂಡರು. ಬೇಯಿಸಿದ ಮಾಂಸ ಇಟ್ಟು ಕಾಯುವುದು, ಕಾಗೆ ಅದನ್ನು ಕಚ್ಚಿಕೊಂಡು ಹೋಗಿ ಯಾವ ಮರದ ಮೇಲೆ ಕೂರುತ್ತದೋ ಆ ಮರವನ್ನು ಕಡಿದು ಮದುಮಗಳನ್ನು ಮಾಡುವುದು. ನಮ್ಮ ಪಿಂಡದ ಕಾಗಿ ಅಲ್ಲೀತನಾನೂ ಹೋಗೇತಿ ನೋಡು ಅಂತ ನೀನು ನಕ್ಕೆ. ಕೊನೆಗೆ ಆ ಮದುಮಗಳನ್ನು ಬೆಟ್ಟದ ಮೇಲೆ ಹೊತ್ತೊಯ್ದು ಸುಡುವುದು. ಜೀವವಿಲ್ಲದ ದಿಮ್ಮಿ ಎಂದು ಗೊತ್ತಾದ ಮೇಲೂ ದೇವಿಗೆ ಹೊಟ್ಟೆಕಿಚ್ಚು ಆರಲಿಲ್ಲ ಎಂದು ಹಳಬರು ಬರೆದಿದ್ದಾರೆ.

ನಕ್ಕ ಮ್ಯಾಲೆ, ಸುಡೂಕ್ಕಿಂತ ಮೊದಲ ಏನ್ ಮಾಡಿದಳು ಅಂತ ನೀನು ಕೇಳಿದೆ. ದೀಪದ ಮಸಿಯನ್ನು ಬೆರಳಿಗೆ ತೆಗೆದುಕೊಂಡು ಆ ಮದುಮಗಳ ಕೆನ್ನೆಗೆ ಇಟ್ಟಳು, ಇಷ್ಟು ಚೆನ್ನಾಗಿ ಸಿಂಗಾರ ಮಾಡಿದ್ದಾರೆ, ನನ್ನ ಕಣ್ಣೇ ತಾಗೀತು ಅಂದಳು ಎಂದು ನಾನು ಹೇಳಿದೆ. ನೀನು ಹಿಟ್ಟಿನ ಕೈಯಲ್ಲೇ ಒಲೆ ಆರಿಸಿ, ಇನ್ನೊಮ್ಮೆ ಹೇಳು ಅಂದೆ. ಅದೇ ವಾರ ನಿನ್ನ ಫೋನಿನಲ್ಲಿ ಮೂರು ನಿಮಿಷದ ವಿಡಿಯೊ ಮಾಡಿ ಆ ಕಥೆ ಹೇಳಿದೆ. ನಾನೇ ಲೈಟು ಹಿಡಿದಿದ್ದೆ. ಆಮೇಲೆ ಇನ್ನೊಂದು, ಮತ್ತೊಂದು. ಮರುವರ್ಷ ಲಾಸ್ ಏಂಜಲೀಸಿನಿಂದ ಫೋನು ಬಂತು. ನಿನಗೆ.

ನಾನು ಆ ಸೀರಿಯಲ್ ನೋಡಿದ್ದು ಅಕಸ್ಮಾತ್ತಾಗಿ ಎಂದು ಬರೆಯಬೇಕೆಂದಿದ್ದೆ. ಬೇಡ. ಬಿಡುಗಡೆಯಾದ ದಿನವೇ ನಾನು ಪಾಠ ಮಾಡುವ ಕ್ಲಾಸಿಗೆ ರಜೆ ಹಾಕಿ ಕೂತು ನೋಡಿದೆ, ತಪ್ಪು ಹುಡುಕಲು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು. ಮೊದಲ ಐದು ಕಂತುಗಳಿಗೆ ಎರಡು ಪುಟ ತಪ್ಪು ಸಿಕ್ಕವು. ನಿಮ್ಮ ಹೇರಾ ಊಟಕ್ಕೂ ಸ್ನಾನಕ್ಕೂ ನವಿಲುಗರಿಯ ಗೌನು ಹಾಕುತ್ತಾಳೆ, ಮಾತು ಮಾತಿಗೆ ಬಟ್ಟಲು ಎಸೆಯುತ್ತಾಳೆ, ಗಂಡನ ಮೇಲೆ ಕಣ್ಣಿಡಲು ದೇವತೆಗಳ ಬೆಟ್ಟ ಒಲಿಂಪಸ್ಸಿನಲ್ಲಿ ಸಿಸಿಟಿವಿ ಒಂದು ಹಾಕಿಸಿಲ್ಲ ಅಷ್ಟೇ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ. ಆರನೇ ಕಂತು ಬಂತು. ಆ ನಟಿ ಮುಸುಕು ಎಳೆದಳು, ನಕ್ಕಳು, ಆಮೇಲೆ ದೀಪದ ಕಡೆ ಕೈ ಚಾಚಿದಳು. ನನ್ನ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತು. ಅದೊಂದು ಕಂತನ್ನು ಒಂಬತ್ತು ಸಲ ನೋಡಿದ್ದೇನೆ.

ಅದರಲ್ಲಿ ಒಂದು ಸಲ ಉಮಾಶಂಕರ ಬಂದು ನನ್ನ ಜೊತೆ ಕೂತ. ದಿನವಿಡೀ ಉಪಗ್ರಹದ ಬೋಲ್ಟುಗಳನ್ನು ಲೆಕ್ಕ ಹಾಕುವ ಮನುಷ್ಯ, ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೆ ಗೊರಕೆ. ಬೊಟ್ಟು ಇಡುವ ಹೊತ್ತಿಗೆ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಿಮ್ ನಿಹಾರಿಕಾ ಸಕ್ಕತ್ತಾಗಿ ಬರ್ದಿದಾಳೆ ಕಣೆ, ಇದು ಅವಳಿಗೆ ಹೇಗೆ ಹೊಳೀತೋ ಏನೋ ಅಂದ. ಅದು ನನ್ನದು ಎಂದು ನಾಲಿಗೆಯ ತುದಿಗೆ ಬಂತು. ಎದ್ದು ಹೋಗಿ ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ನನಗೆ ಹೊಟ್ಟೆಕಿಚ್ಚು, ನಿಹಾರಿಕಾ. ಕಾರ್ಮೆಲ್ ವ್ಯಾಲಿಯ ನಿನ್ನ ಮನೆಯ ಮೇಲಲ್ಲ, ನಿನ್ನ ಗಂಡ ವಿಕಾಸ್ ಮೇಲಲ್ಲ, ಅವನನ್ನು ನೀನೇ ಇಟ್ಟುಕೋ. ನೀನು ಒಂದು ಕೋಣೆಯಲ್ಲಿ ಕೂತು ಹೇರಾ ಎಂದರೆ ಹತ್ತು ಜನ ಕಿವಿ ನಿಮಿರಿಸಿ ಕೇಳುತ್ತಾರಲ್ಲ, ಅದರ ಮೇಲೆ. ನನ್ನ ಕ್ಲಾಸಿನಲ್ಲಿ ಮೂವತ್ತು ಮಕ್ಕಳು, ಇಪ್ಪತ್ತೆಂಟು ಜನ ಫೋನು ನೋಡುತ್ತಿರುತ್ತಾರೆ, ಇಬ್ಬರು ನಿದ್ದೆ. ಈ ಸೆಮಿಸ್ಟರಿನಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಖುಷಿಯಿಂದ ಏನಮ್ಮಾ ಅಂದೆ. ಆರನೇ ಕಂತಿನಲ್ಲಿರುವ ಹಾಗೆ ಹೇಳಿಕೊಡುತ್ತೀರಾ ಅಂದಳು.

ಈಗ ಒಪ್ಪಿಕೊಳ್ಳಬೇಕಾದದ್ದು. ನಿಹಾರಿಕಾ ನನ್ನ ಕಥೆ ಕದ್ದಳು ಎಂದು ನಾನು ಈ ಎರಡು ವರ್ಷ ಹೇಳದವರಿಲ್ಲ. ಕೊರಿಯನ್ ಅಂಗಡಿಯಲ್ಲಿ ಸಿಗುವ ನಮ್ರತಾಗೂ ಹೇಳಿದ್ದೇನೆ, ಅವಳಿಗೆ ನೀನು ಯಾರೆಂದೇ ಗೊತ್ತಿಲ್ಲ. ಆದರೆ 2023ರ ಮೇ ತಿಂಗಳಿನಲ್ಲಿ ನೀನು ನನಗೆ ಒಂದು ಈಮೇಲ್ ಕಳಿಸಿದ್ದೆ. ಬೊಟ್ಟಿನ ದೃಶ್ಯ ಬಳಸಿಕೊಳ್ಳಲೇ, ನೀನು ಸಲಹೆಗಾರಳಾಗಿ ಬರುತ್ತೀಯಾ, ನಿನ್ನ ಹೆಸರು ಹಾಕಿಸುತ್ತೇನೆ ಎಂದು ಬರೆದಿದ್ದೆ. ಅದು ಸ್ಪ್ಯಾಮಿಗೆ ಹೋಗಿರಬೇಕು ಎಂದು ಈಗಿನ ಪತ್ರದಲ್ಲಿ ನೀನೇ ನನ್ನ ಪರವಾಗಿ ಹೇಳಿಬಿಟ್ಟಿದ್ದೀಯ. ಸ್ಪ್ಯಾಮಿಗೆ ಹೋಗಿರಲಿಲ್ಲ. ಬಂದ ಐದು ನಿಮಿಷಕ್ಕೇ ಓದಿದೆ. ಇನ್ನೊಂದು ಸಲ ಕೇಳಲಿ ಎಂದು ಕಾದೆ. ಒಂದೇ ಸಲ ಕೇಳಿದರೆ ಬರುವವಳು ನಾನಲ್ಲ ಎಂದು ನಿನಗೆ ತೋರಿಸಬೇಕಿತ್ತು. ನೀನು ಎರಡನೇ ಸಲ ಕೇಳಲಿಲ್ಲ.

ಹಾಗೆ ಕಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದೇ ನಿನ್ನ ಪ್ರಶ್ನೆಗೆ ಉತ್ತರ. ಖರೇ ನಂಬರ್ ಎಂಬುದು ಇಲ್ಲ, ನಿಹಾರಿಕಾ. ಆ ಪತ್ರಿಕೆ ಇದೆ, ಆ ಸಂಪುಟ ಇದೆ, ಆದರೆ ನಾನು ಹೆಸರಿಸಿದ ಲೇಖನವನ್ನು ಯಾರೂ ಬರೆದಿಲ್ಲ. ನಿನಗೆ ಕಥೆ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಮದುಮಗಳನ್ನಾಗಲಿ ಮಗುವನ್ನಾಗಲಿ ಸಿಂಗರಿಸಿದ ಮೇಲೆ ಬೊಟ್ಟಿಡದೆ ಬಾಗಿಲು ದಾಟಿಸಿದ್ದನ್ನು ನಾನು ನೋಡಿಯೇ ಇಲ್ಲ. ನವರಾತ್ರಿಗೆ ಪಟ್ಟದ ಗೊಂಬೆಗೆ ಸೀರೆ ಉಡಿಸಿದರೆ ಅಮ್ಮ ಅದರ ಮರದ ಕೆನ್ನೆಗೂ ಕಾಡಿಗೆ ತಾಗಿಸುತ್ತಿದ್ದಳು. ಮರದ ಮದುಮಗಳು ಎಂದಾಕ್ಷಣ ನನ್ನ ಬಾಯಿಗೆ ಅದು ತಾನಾಗಿಯೇ ಬಂತು. ಎರಡು ದಿನ ಬಿಟ್ಟು ಅಧ್ಯಾಯ ಬರೆಯಲು ಕೂತಾಗ ಗ್ರೀಕರ ಬರಹ ತೆಗೆದು ನೋಡಿದೆ. ದಿಮ್ಮಿ ಇತ್ತು, ಮುಸುಕು ಇತ್ತು, ನಗು ಇತ್ತು. ಬೊಟ್ಟು ಇರಲಿಲ್ಲ.

ಅಳಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ. ಇಷ್ಟು ಸರಿಯಾಗಿ ಕೂತಿದೆ, ಎಲ್ಲೋ ಇದ್ದೇ ಇರುತ್ತದೆ, ಗ್ರೀಕರಿಗೂ ಕೆಟ್ಟ ಕಣ್ಣಿನ ಭಯವಿತ್ತಲ್ಲ, ಲೈಬ್ರರಿ ತೆರೆದ ಮೇಲೆ ಹುಡುಕಿದರಾಯಿತು ಎಂದು ಸದ್ಯಕ್ಕೆ ಒಂದು ಅಡಿಟಿಪ್ಪಣಿ ಕೂರಿಸಿದೆ. ಯಾರೂ ಹೋಗಿ ನೋಡದಂತೆ ಜರ್ಮನ್ ಪತ್ರಿಕೆಯನ್ನೇ ಆರಿಸಿದೆ. ಲೈಬ್ರರಿ ತೆರೆಯಿತು, ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ನನ್ನ ಗೈಡ್ ಆ ಪುಟದ ಅಂಚಿನಲ್ಲಿ ಬಹಳ ಸುಂದರ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ನೂರ ನಲವತ್ತು ಪುಟದ ಥೀಸಿಸ್ಸಿನಲ್ಲಿ ಆಕೆ ಮೆಚ್ಚಿಕೊಂಡದ್ದು ಅದೊಂದೇ ಪುಟ.

ಈಗ ನನ್ನ ಸಂಕಟ ನಿನಗೆ ತಿಳಿದಿರಬೇಕು. ಟೀವಿಯಲ್ಲಿ ಆ ಬೊಟ್ಟು ಕಂಡಾಗ ಅದು ನನ್ನದು ಎಂದು ಕೂಗಬೇಕಿತ್ತು. ನನ್ನದು ಎಂದರೆ ಅಡಿಟಿಪ್ಪಣಿ ಸುಳ್ಳಾಗುತ್ತದೆ. ಅಡಿಟಿಪ್ಪಣಿ ನಿಜ ಎಂದರೆ ಬೊಟ್ಟು ಯಾರೋ ಗ್ರೀಕರದ್ದಾಗುತ್ತದೆ. ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕಲ್ಪನೆಗೆ ನಾನೇ ಬೇರೆ ಅಪ್ಪನ ಹೆಸರು ಬರೆಸಿಬಿಟ್ಟಿದ್ದೆ. ಇಂಟರ್ನೆಟ್ಟಿನ ಆ ಬರಹವನ್ನು ನಾನೂ ಓದಿದ್ದೇನೆ. ಯಾರೋ ವಿಷಯ ಬಲ್ಲವರೇ ಬರೆದಿದ್ದಾರೆ. ಅದರಲ್ಲಿ ಒಂದು ಮಾತೂ ತಪ್ಪಿಲ್ಲ, ತಪ್ಪಿರುವುದು ನಿನ್ನ ಹೆಸರು ಮಾತ್ರ.

ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ನಾನು ಇವತ್ತಿಗೂ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕರೆಸಿಕೊಳ್ಳುವ ಟೀಚರು. ಈ ಸಲ ಕಾಯಂ ಹುದ್ದೆಯೊಂದು ಬಂದಿದೆ, ಕೊನೆಯ ಮೂವರಲ್ಲಿ ನಾನಿದ್ದೇನೆ, ಇಪ್ಪತ್ತೊಂದಕ್ಕೆ ಇಂಟರ್‌ವ್ಯೂ. ಆಯ್ಕೆ ಸಮಿತಿಗೆ ನಾನು ಕೊಟ್ಟಿರುವುದು ಥೀಸಿಸ್ಸಿನ ಅದೇ ಅಧ್ಯಾಯ. ನಾನು ಬಾಯಿ ಮುಚ್ಚಿಕೊಂಡರೆ ಶುಕ್ರವಾರ ನಿನ್ನ ಕೆಲಸ ಹೋಗುತ್ತದೆ, ನನಗೆ ಕೆಲಸ ಸಿಗಬಹುದು. ಮೊನ್ನೆ ಮಧ್ಯಾಹ್ನದವರೆಗೆ ಅದೇ ಸರಿ ಎಂದುಕೊಂಡಿದ್ದೆ. ಕೈ ತಪ್ಪಿರಬೇಕು ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಓದಿದೆ. ಊರೆಲ್ಲ ನಿನ್ನನ್ನು ಸುಳ್ಳುಗಾರ್ತಿ ಎನ್ನುವಾಗಲೂ ನಿನಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ನನಗೆ ಸಿಟ್ಟು ಬಂತು. ಒಳ್ಳೆಯತನದಲ್ಲೂ ನೀನೇ ಮುಂದಿರಬೇಕೇ.

ಇದರ ಜೊತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಸಹಿ ಹಾಕಿದ ಒಂದು ಹಾಳೆ ಇದೆ. ಬೊಟ್ಟು ನನ್ನ ಕಲ್ಪನೆ, ಅಡಿಟಿಪ್ಪಣಿಯನ್ನು ನಾನು ಹುಟ್ಟಿಸಿದ್ದು, ನಿಹಾರಿಕಾ ಅದನ್ನು ನಂಬಿ ಬಳಸಿದಳು, ಅವಳದ್ದು ಏನೂ ತಪ್ಪಿಲ್ಲ ಎಂದು ಅದರಲ್ಲಿದೆ. ಅದನ್ನು ನಿನ್ನ ಕಂಪನಿಗೆ ಕೊಡು. ನಿನ್ನ ಕಂಪನಿಯ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಇನ್ನೊಂದು ಪ್ರತಿಯನ್ನು ನಾಳೆ ನಮ್ಮ ಆಯ್ಕೆ ಸಮಿತಿಗೆ ಕೊಡುತ್ತೇನೆ, ಮತ್ತೊಂದನ್ನು ನನ್ನ ಗೈಡಿಗೆ. ಅದಕ್ಕೆ ಪ್ರತಿಯಾಗಿ ನನಗೆ ಒಂದು ಬೇಕು. ಆರನೇ ಕಂತಿನ ಕೊನೆಯಲ್ಲಿ, ಆ ಬೊಟ್ಟಿನ ಕಲ್ಪನೆ ತಿಪಟೂರಿನ ಹರಿಣಿಯದು ಎಂದು ಹಾಕಿಸು. ಊರಿನ ಹೆಸರು ಬಿಡಬಾರದು. ಕೆಲಸ ಹೋದರೂ ಅದೊಂದು ನನ್ನದಾಗಲಿ. ನಾನು ನಿಜ ಹೇಳುತ್ತಿರುವುದು ನಿನ್ನ ಮೇಲಿನ ಪ್ರೀತಿಯಿಂದ ಎಂದು ತಿಳಿದು ಕರಗಬೇಡ. ಪ್ರೀತಿ ಸ್ವಲ್ಪ ಇದೆ. ಉಳಿದದ್ದು, ಜನ ನಿನ್ನನ್ನು ಹೊಗಳುವಾಗ ಸುಮ್ಮನಿರಲು ಇನ್ನು ನನ್ನಿಂದ ಆಗುವುದಿಲ್ಲ.

ವಿಕಾಸನಿಗೆ ಕೇಳಿದೆ ಎಂದು ಹೇಳು. ಉಮಾಶಂಕರನಿಗೆ ಮೆಣಸಿನಕಾಯಿ ಚಟ್ನಿ ಜಾಸ್ತಿ ಬಡಿಸಬೇಡ, ಡಾಕ್ಟರು ಬೇಡ ಅಂದಿದ್ದಾರೆ.

ನಿನ್ನನ್ನು ಮರೆಯಲು ನೋಡಿ ಸೋತ,
ಹರಿಣಿ

ತಾ.ಕ.: ಇಂಟರ್ನೆಟ್ಟಿನಲ್ಲಿ ಬರೆದ ಆ ವಿಷಯ ಬಲ್ಲ ವೀಕ್ಷಕರು ನಾನೇ. ಸೀರಿಯಲ್ ನೋಡಿದ ಎಂಟನೇ ದಿನ, ಕಾಲೇಜಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಬೇರೆ ಹೆಸರಿನಲ್ಲಿ ಬರೆದೆ. ಹೆಚ್ಚೆಂದರೆ ಇಪ್ಪತ್ತು ಜನ ಓದಿ ನಿನ್ನನ್ನು ಆಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಬರೆಯುತ್ತಿರಲಿಲ್ಲ ಎಂದು ಆಣೆ ಮಾಡಲಾರೆ. ಗುರುವಾರದಿಂದ ಅದನ್ನು ಅಳಿಸಲು ದಿನವೂ ತೆರೆಯುತ್ತೇನೆ. ಇವತ್ತಿಗೆ ನಲವತ್ತೊಂದು ಸಾವಿರ ಜನ ಓದಿದ್ದಾರೆ. ನನ್ನ ಬರಹವನ್ನು ಅಷ್ಟು ಜನ ಯಾವತ್ತೂ ಓದಿರಲಿಲ್ಲ, ಕೈ ಏಳುವುದಿಲ್ಲ. ಪಾಸ್‌ವರ್ಡ್ ಈ ಹಾಳೆಯ ಹಿಂದೆ ಇದೆ. ನೀನೇ ಅಳಿಸು. ಅಳಿಸುವ ಮೊದಲು ಒಂದು ಸಲ ಪೂರ್ತಿ ಓದು, ಚೆನ್ನಾಗಿ ಬರೆದಿದ್ದೇನೆ.